ಗಿಡ್ಡಿಯ ಎಡಗೆಚ್ಚಲು

ಆಗಸ್ಟ್ 5, ಸೋಮವಾರ

ಬೀಜದಂಗಡಿಯವರು ಕೊಟ್ಟ ಈ ಡೈರಿ ಏಳು ತಿಂಗಳಿಂದ ಅಕ್ಕಿ ಡ್ರಮ್ಮಿನ ಮೇಲೆ ಧೂಳು ತಿನ್ನುತ್ತಿತ್ತು. ಇವತ್ತು ಒರೆಸಿ ತೆಗೆದೆ. ಹೇಳಿಕೊಳ್ಳಲು ಈ ಮನೆಯಲ್ಲಿ ಜನ ಇಲ್ಲ. ನಮ್ಮೆಜಮಾನರು ದೇವರಾಜುಗೆ ಹೇಳಿದರೆ ‘ಅಯ್ಯೋ ಬುಡು ವಾಣಿ’ ಎಂದು ಗೂಡ್ಸ್ ಆಟೋ ಸ್ಟಾರ್ಟ್ ಮಾಡಿಕೊಂಡು ಹೋಗುತ್ತಾರೆ.

ವಿಷಯ ಇಷ್ಟೇ. ನನ್ನ ಆಡಿನ ಹಾಲು ಕಳುವಾಗುತ್ತಿದೆ.

ನನ್ನ ಆಡು ಎಂದರೆ ಗಿಡ್ಡಿ. ಊರಿನ ಎಲ್ಲ ಆಡುಗಳಿಗಿಂತ ಒಂದು ಮೊಳ ಎತ್ತರ, ಅದಕ್ಕೇ ಆ ಹೆಸರು. ಎರಡು ವರ್ಷ ಹೊಗೆಸೊಪ್ಪು ಕಟ್ಟಿದ ಕೂಲಿಯಲ್ಲಿ ಪಿರಿಯಾಪಟ್ಟಣದ ಸಂತೆಯಿಂದ ನಾನೇ ಹಗ್ಗ ಹಿಡಿದು ತಂದದ್ದು. ಈ ಮನೆಯಲ್ಲಿ ಗೋಡೆ ಅವರದು, ಹೊಲ ಅವರಣ್ಣನದು, ಪಾತ್ರೆ ಅತ್ತೆಯ ಕಾಲದ್ದು. ನನ್ನದು ಅಂತ ಇರುವುದು ಗಿಡ್ಡಿ ಮತ್ತು ಅದರ ಎರಡು ಮರಿ.

ಹದಿನೈದು ದಿನದ ಹಿಂದೆ ಸಂಜೆ ಚೊಂಬು ತುಂಬಿ ನೊರೆ ಚೆಲ್ಲುತ್ತಿತ್ತು. ಈಗ ಕೆಚ್ಚಲಿನ ಬಲಗಡೆ ಎಂದಿನಂತೆ ಬರುತ್ತದೆ, ಎಡಗಡೆ ಅರ್ಧಕ್ಕೆ ನಿಲ್ಲುತ್ತದೆ. ನಾನು ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿರುವಾಗ ಮಧ್ಯಾಹ್ನ ಯಾರೋ ಎಡಗಡೆಯ ಹಾಲು ಹಿಂಡಿಕೊಂಡು ಹೋಗುತ್ತಿದ್ದಾರೆ. ಎಡಗಡೆಯೇ ಯಾಕೆ? ಕಟ್ಟಿದಾಗ ಎಡಗಡೆ ಗೋಡೆಗೆ ಬರುತ್ತದೆ. ಗೋಡೆಯಾಚೆ ಯಾರು? ಭದ್ರಮ್ಮ. ಮಧ್ಯಾಹ್ನ ಊಟಕ್ಕೆಂದು ಬ್ಯಾರನ್ನಿನಿಂದ ಮನೆಗೆ ಹೋಗಿಬರುವವಳೂ ಅವಳೊಬ್ಬಳೇ. ಲೆಕ್ಕ ಬಿಡಿಸಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕಾಗಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ಹೆಬ್ಬೆರಳು ಸೆಳೆಯುತ್ತಿದೆ. ಹೋದ ತಿಂಗಳು ಸೊಪ್ಪು ಕಟ್ಟುವ ದಾರ ಉಗುರಿನ ಪಕ್ಕ ಕೊಯ್ದಿತ್ತು. ಇನ್ನೂ ಮಾಗಿಲ್ಲ.

ಆಗಸ್ಟ್ 8, ಗುರುವಾರ

ಇವತ್ತು ಇನ್ನೂ ಕಡಿಮೆ.

ಭದ್ರಮ್ಮನ ಮೇಲೆ ಸುಮ್ಮನೆ ಅನುಮಾನ ಪಡುವವಳಲ್ಲ ನಾನು. ಹೋದ ವರ್ಷ ಗಿಡ್ಡಿ ಹಗ್ಗ ಕಿತ್ತುಕೊಂಡು ಅವಳ ಅವರೆ ಸಾಲಿಗೆ ಬಾಯಿ ಹಾಕಿತ್ತು. ನಾಲ್ಕು ಗಿಡ, ಹೆಚ್ಚೆಂದರೆ ಐದು. ಅಷ್ಟಕ್ಕೆ ಆ ಮುದುಕಿ ಗಿಡ್ಡಿಯನ್ನು ತನ್ನ ಜಗಲಿ ಕಂಬಕ್ಕೆ ಕಟ್ಟಿ, ಬೀದಿಯವರನ್ನೆಲ್ಲ ಕರೆದು, ‘ತಪ್ಪಾಯ್ತು ಅನ್ನು, ಬುಡ್ತೀನಿ’ ಎಂದಳು. ಅಂದೆ. ಅವತ್ತು ರಾತ್ರಿ ಊಟ ಸೇರಲಿಲ್ಲ ನನಗೆ. ಆ ಮಾತು ವರ್ಷವಾದರೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದೆ. ಅವಳಿಗೆ ಮೂರು ಆಡಿದ್ದಾವೆ, ಮೂರೂ ಸೇರಿದರೆ ನನ್ನ ಗಿಡ್ಡಿಯ ಒಂದು ಹೊತ್ತಿನ ಹಾಲಾಗುವುದಿಲ್ಲ. ಹೊಟ್ಟೆ ಉರಿಯದೆ ಇರುತ್ತದೆಯೇ?

ಬರಲಿ. ಸಿಕ್ಕಲಿ. ಅದೇ ಬೀದಿಯಲ್ಲಿ, ಅದೇ ಜನರ ಮುಂದೆ ಹೇಳಿಸುತ್ತೇನೆ.

ಆಗಸ್ಟ್ 11, ಭಾನುವಾರ

ಇಡೀ ದಿನ ಕೆಲಸ ಬಿಟ್ಟು ಕೊಟ್ಟಿಗೆ ಕಾಯ್ದೆ. ಒಂದು ನೊಣವೂ ಬರಲಿಲ್ಲ. ಆದರೂ ಸಂಜೆ ಎಡಗಡೆ ಕಡಿಮೆಯೇ. ಹಾಗಾದರೆ ಬೆಳಗಿನ ಜಾವ ನಾನು ಏಳುವ ಮುಂಚೆಯೇ ಕೈಚಳಕ ತೋರಿಸಿದ್ದಾಳೆ. ಎಂಥ ಖದೀಮಳು!

ಎಡಗಡೆ ಕರೆಯುವಾಗ ಗಿಡ್ಡಿ ಕಾಲು ಎತ್ತಿತು. ಅದು ಯಾವತ್ತೂ ನನಗೆ ಒದ್ದದ್ದಿಲ್ಲ. ಹೊರಗಿನವರ ಕೈ ಬಿದ್ದು ಅದಕ್ಕೂ ಭಯ ಹಿಡಿದಿದೆ. ನಾನು ಕರೆಯುವ ರೀತಿಯೇ ಬೇರೆ. ತವರು ಸಾಲಿಗ್ರಾಮದಲ್ಲಿ ನಮ್ಮಮ್ಮ ಕಲಿಸಿದ್ದು. ಒಂದು ಕೈಯಲ್ಲಿ ಚೊಂಬು, ಇನ್ನೊಂದು ಕೈಯ ಬೆರಳನ್ನು ನೊರೆಹಾಲಲ್ಲಿ ಅದ್ದಿ, ಹೆಬ್ಬೆರಳು ಒಳಕ್ಕೆ ಮಡಚಿ, ಮೊದಲು ಎಡಗಡೆ, ಆಮೇಲೆ ಬಲಗಡೆ. ಕೈ ಬಿಸಿ ತಗುಲಿದರೆ ಸಾಕು, ಅದೇ ಹಾಲು ಇಳಿಸುತ್ತದೆ. ಇವತ್ತು ಹೆಬ್ಬೆರಳು ಮಡಚಲು ನನಗೂ ಜೀವ ಹೋಯಿತು. ಉಗುರುಸುತ್ತು ಊದಿಕೊಂಡು ಬೆರಳು ಬದನೆಕಾಯಿಯಂತಾಗಿದೆ. ಹಲ್ಲು ಕಚ್ಚಿಕೊಂಡು ಕರೆದೆ.

ಆಗಸ್ಟ್ 12, ಸೋಮವಾರ

ಉಪಾಯ ಹೊಳೆಯಿತು.

ಮರಿಗಳಿಗೆ ಹಾಲು ಬಿಡಿಸುವಾಗ ತಾಯಿಯ ಮೊಲೆಗೆ ಸಗಣಿ ಬಳಿಯುತ್ತೇವಲ್ಲ, ಅದೇ. ಸಗಣಿಗೆ ಬ್ಯಾರನ್ ಒಲೆಯ ಮಸಿ ಕಲಸಿ, ಹರಳೆಣ್ಣೆ ಬಿಟ್ಟು, ಕೆಲಸಕ್ಕೆ ಹೋಗುವ ಮುಂಚೆ ಎರಡೂ ಮೊಲೆಗೆ ದಪ್ಪಗೆ ಬಳಿದೆ. ಮರಿಗಳು ಬಾಯಿ ಹಾಕದಂತೆ ಬಿದಿರಿನ ಮಂಕರಿಯಡಿ ಕವುಚಿದೆ. ಮುಟ್ಟಿದವರ ಕೈಗೆ ಮೆತ್ತದೆ ಇರುವುದಿಲ್ಲ, ಮೆತ್ತಿದ್ದು ಒಂದೇ ಸಲಕ್ಕೆ ಹೋಗುವುದಿಲ್ಲ. ಸಂಜೆ ಬಂದು ನೀರು ಹಾಕಿ ಒರೆಸಿ ಕರೆದರಾಯಿತು.

ಬಳಿಯುವಾಗ ನಗು ಬಂತು. ಬಹಳ ದಿನದ ಮೇಲೆ ನಕ್ಕೆ.

ಆಗಸ್ಟ್ 13, ಮಂಗಳವಾರ

ಎಡಗಡೆಯ ಹಾಲಿನಲ್ಲಿ ಒಡೆದ ಮೊಸರಿನ ಹಾಗೆ ಕಾಳು ಕಾಳು. ಅವಳ ಕೊಳಕು ಕೈ ಸೋಕಿ ಕೆಚ್ಚಲೇ ಕೆಟ್ಟಿದೆ. ಕದ್ದದ್ದು ಸಾಲದೆ ಹಾಳೂ ಮಾಡಿದಳು. ಇವತ್ತು ಇನ್ನೂ ದಪ್ಪಗೆ ಬಳಿದೆ.

ಆಗಸ್ಟ್ 14, ಬುಧವಾರ

ಸಿಕ್ಕಿಬಿದ್ದಳು!

ಸಂಜೆ ಬ್ಯಾರನ್ನಿನಿಂದ ಬರುವಷ್ಟರಲ್ಲಿ ಭದ್ರಮ್ಮ ನನ್ನ ಬಾಗಿಲಲ್ಲೇ ನಿಂತಿದ್ದಳು. ಎರಡು ಕೈಯ ಉಗುರಿನ ಸಂದಿಯಲ್ಲೂ ಮಸಿ. ಸೆರಗಿನ ಅಂಚಿನಲ್ಲೂ ಮಸಿ. ಕಳ್ಳತನ ಮಾಡಿದ ಕೈ ತೊಳೆಯುವ ಬುದ್ಧಿಯೂ ಇಲ್ಲ.

“ವಾಣೀ, ಆ ಆಡು...” ಎಂದು ಏನೋ ಶುರು ಮಾಡಿದಳು.

“ನನ್ನ ಆಡಿನ ಸುದ್ದಿ ನಿಮಗ್ಯಾಕೆ?” ಎಂದೆ.

“ಅಯ್ಯೋ, ಕೇಳು ಕಣೇ ಇಲ್ಲಿ...”

ಕೇಳಲಿಲ್ಲ. ಅಂಗಳದ ಮಣ್ಣು ಒಂದು ಹಿಡಿ ತೆಗೆದು ಅವಳ ಕಾಲ ಬುಡಕ್ಕೆ ತೂರಿದೆ. “ಯಾವ ಕೈ ನನ್ನ ಗಿಡ್ಡಿ ಕೆಚ್ಚಲು ಹಾಳು ಮಾಡ್ತೋ, ಆ ಕೈ ಕೊಳೆತು ಉದುರೋಗ್ಲಿ! ಮಾದಪ್ಪ ನೋಡ್ತಾವ್ನೆ!”

ಮುದುಕಿ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಹಾಕಿಕೊಂಡೆ. ಕೊಟ್ಟಿಗೆಗೆ ಹೋಗಿ ನೋಡಿದರೆ ಬಳಿದದ್ದೆಲ್ಲ ತೊಳೆದು ಅರಿಶಿನ ಮೆತ್ತಿದ್ದಳು, ಗುರುತು ಮುಚ್ಚಲು; ನಾಳೆಯೂ ಬಳಿಯುತ್ತೇನೆ. ಒಳಗೆ ಬಂದು ಒಂದು ಚೊಂಬು ನೀರು ಕುಡಿದೆ. ಎಷ್ಟು ತಂಪಾಯಿತು ಎಂದರೆ ಹೇಳತೀರದು.

ಆಗಸ್ಟ್ 16, ಶುಕ್ರವಾರ

ವರಮಹಾಲಕ್ಷ್ಮಿ ಹಬ್ಬ. ಬೆರಳಿನಲ್ಲಿ ಕೀವು ಕಟ್ಟಿದೆ. ಒಬ್ಬಟ್ಟು ತಟ್ಟಲು ಆಗಲಿಲ್ಲ, ಪಾಯಸ ಮಾಡಿ ಮುಗಿಸಿದೆ.

ಆಗಸ್ಟ್ 17, ಶನಿವಾರ

ಇವತ್ತು ಎಲ್ಲರ ಮುಂದೆ ಹೇಳಿದೆ.

ನಂಜಣ್ಣನ ಬ್ಯಾರನ್ನಿನ ತಗಡಿನ ಚಪ್ಪರದಡಿ ಹನ್ನೆರಡು ಜನ ಹೆಂಗಸರು ಸೊಪ್ಪು ಕಟ್ಟುತ್ತಿದ್ದೆವು. ಭದ್ರಮ್ಮ ಎಂದಿನಂತೆ ನನ್ನ ಪಕ್ಕದ ಕಡ್ಡಿಗೆ ಬಂದು ಕೂತಳು. ಎದ್ದು ನಿಂತು ಅವಳ ಕೈ ಹಿಡಿದೆತ್ತಿದೆ.

“ನೋಡ್ರವ್ವ, ನನ್ನ ಆಡಿನ ಹಾಲು ಕದಿಯೋ ಕೈ ಇದೇಯಾ. ಉಗುರು ನೋಡ್ರಿ, ಮಸಿ ಇನ್ನೂ ಹೋಗಿಲ್ಲ.”

ಎಲ್ಲರೂ ಕೈಕೆಲಸ ನಿಲ್ಲಿಸಿದರು. “ನಿಜವೇನಕ್ಕ? ಮುಟ್ಟಿದ್ದಾ?” ಎಂದು ಪುಟ್ಟಸಿದ್ದಮ್ಮ ಕೇಳಿದಳು. ಬೆಂಕಿ ಕಂಡರೆ ಸೌದೆ ತರುವವಳು ಅವಳು.

ಭದ್ರಮ್ಮ ನನ್ನ ಮುಖವನ್ನೇ ನೋಡಿ, “ಮುಟ್ಟಿದೆ. ಏನೀಗ?” ಎಂದಳು. ಅಷ್ಟೇ. ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ಕೈ ಬಿಡಿಸಿಕೊಂಡು, ಕಟ್ಟಿ ಮುಗಿದ ಕಡ್ಡಿಯನ್ನು ಬ್ಯಾರನ್ನಿನ ಅಟ್ಟಕ್ಕೆ ಏರಿಸುವವರ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಕಳ್ಳಿಯ ಪಕ್ಕ ಕೂರುವುದಿಲ್ಲ ಎಂದು ಹೆಂಗಸರು ಗಲಾಟೆ ಮಾಡಿದರು. ನಾಳೆಯಿಂದ ಬರಬೇಡ ಎಂದು ನಂಜಣ್ಣ ಹೇಳಿಕಳಿಸಿದ.

ಒಂದು ಅವರೆ ಸಾಲಿಗೆ ಒಂದು ಬ್ಯಾರನ್. ಬಡ್ಡಿ ಸಮೇತ ತೀರಿತು. ಆದರೆ ‘ತಪ್ಪಾಯ್ತು’ ಅನ್ನಿಸಲು ಆಗಲಿಲ್ಲವಲ್ಲ, ಅದೊಂದು ಕೊರತೆ.

ಆಗಸ್ಟ್ 19, ಸೋಮವಾರ

ಗಿಡ್ಡಿ ಮೇವು ಮುಟ್ಟಿಲ್ಲ. ಎಡ ಹಿಂಗಾಲು ಎಳೆಯುತ್ತಿದೆ. ಕೆಚ್ಚಲಿನ ಎಡಗಡೆ ಮುಟ್ಟಿದರೆ ನೀರಿನ ಕೊಡದ ಹಾಗೆ ತಣ್ಣಗಿದೆ. ಬಣ್ಣ ನೇರಳೆಹಣ್ಣು. ಹಿಂಡಿದರೆ ಹಾಲಲ್ಲ, ಮಾಂಸ ತೊಳೆದ ನೀರು ಬಂತು. ಮರಿಗಳು ಮಂಕರಿಯೊಳಗೆ ಅರಚುತ್ತಲೇ ಇವೆ.

ಈ ಮುದುಕಿ ಸತ್ತರೂ ನಾನು ಮಣ್ಣು ಹಾಕಲು ಹೋಗುವುದಿಲ್ಲ.

ಆಗಸ್ಟ್ 20, ಮಂಗಳವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತಿದ್ದೇನೆ. ಎಡಗೈಯಲ್ಲಿ ಬರೆಯುತ್ತಿರುವುದರಿಂದ ಅಕ್ಷರ ಕೋಳಿ ಕೆದರಿದ ಹಾಗಿದೆ.

ಬೆಳಿಗ್ಗೆ ದೇವರಾಜು ಗಿಡ್ಡಿಯನ್ನು ಆಟೋಗೆ ಎತ್ತಿ ಹಾಕಿಕೊಂಡು, ನನ್ನನ್ನೂ ಕೂರಿಸಿಕೊಂಡು ಬಿಳಿಕೆರೆಯ ದನದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರ್ ಬೃಂದಾ ಎಂದು ಚಿಕ್ಕ ವಯಸ್ಸಿನವರು. ಕೆಚ್ಚಲು ಮುಟ್ಟಿದ ಕೂಡಲೇ ಅವರ ಮುಖ ಸಣ್ಣಗಾಯಿತು. ಬಲಗಡೆಯ ಹಾಲನ್ನು ಒಂದು ತಟ್ಟೆಗೆ ಹಿಂಡಿ, ನೇರಳೆ ಬಣ್ಣದ ನೀರು ಬಿಟ್ಟು ತಿರುಗಿಸಿದರು. ಹಾಲು ಹಾಲಾಗಿಯೇ ಇತ್ತು. “ಸದ್ಯ, ಇದೊಂದು ಉಳಿದಿದೆ” ಎಂದರು.

“ಇದು ಕೆಚ್ಚಲು ಬಾವು, ಅಮ್ಮಾ. ಎಡಗಡೆ ಸತ್ತೋಗಿದೆ, ಕಳಚಿ ಬೀಳುತ್ತೆ. ಮೊದಮೊದಲು ಹಾಲು ಕಮ್ಮಿ ಆಗಿರಬೇಕಲ್ಲ?”

“ಕಮ್ಮಿ ಆಗಿದ್ದಲ್ಲ ಡಾಕ್ಟ್ರೇ, ಕದ್ದಿದ್ದು.”

“ಯಾರೂ ಕದ್ದಿಲ್ಲ. ಒಳಗೆ ಸೋಂಕು ಇದ್ರೆ ಆ ಕಡೆ ಹಾಲು ತಾನಾಗೇ ಕಮ್ಮಿ ಆಗುತ್ತೆ. ಆಮೇಲೆ ಕಾಳು ಕಾಳು ಬರುತ್ತೆ. ಮೊಲೆಗೆ ಏನು ಮೆತ್ತಿದ್ರಿ? ಇದು ಸಗಣಿ ಅಲ್ವಾ?”

ದೇವರಾಜು ನನ್ನ ಕಡೆ ನೋಡಿದರು.

“ಕರೆಯೋರು ಯಾರು?”

“ನಾನೇ.”

“ಕೈ ತೋರ್ಸಿ.”

ತೋರಿಸಿದೆ. ಡಾಕ್ಟರಮ್ಮ ನನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಲ್ಯಾಬಿಗೆ ಕಳಿಸದೆ ಗಟ್ಟಿಯಾಗಿ ಹೇಳೋಕಾಗಲ್ಲ. ಆದ್ರೆ ಹೆಚ್ಚು ಪಾಲು ಈ ಬೆರಳಿನ ಕೀವೇ ಅಲ್ಲಿಗೆ ಹೋಗಿದೆ. ಸಗಣಿ ಅದನ್ನ ಇನ್ನೂ ಕೆಡಿಸಿದೆ. ನೀವು ಇವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗಿ. ಬಲಗಡೆಯನ್ನ ಮೂರು ಹೊತ್ತೂ ಪೂರ್ತಿ ಖಾಲಿ ಮಾಡ್ಬೇಕು, ಇಲ್ದಿದ್ರೆ ಅದೂ ಹೋಗುತ್ತೆ. ಔಷಧಿ ಮುಗಿಯೋವರೆಗೂ ಆ ಹಾಲು ಚೆಲ್ಲಿ, ಮರಿಗಳಿಗೂ ಬಿಡಬೇಡಿ. ಈ ಕೈ ಮಾತ್ರ ವಾಸಿಯಾಗೋವರೆಗೂ ಕೆಚ್ಚಲು ಮುಟ್ಟಬಾರದು.”

ಯಾವ ಕೈ ನನ್ನ ಗಿಡ್ಡಿ ಕೆಚ್ಚಲು ಹಾಳು ಮಾಡ್ತೋ. ನಾನೇ ಅಂದದ್ದು, ಮಣ್ಣು ಹಿಡಿದು ಅಂದದ್ದು.

ಮನುಷ್ಯರ ಆಸ್ಪತ್ರೆಯಲ್ಲಿ ನನ್ನ ಬೆರಳು ಕೊಯ್ದು ಕೀವು ತೆಗೆದು ಕಟ್ಟು ಕಟ್ಟಿದರು. ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ, ಬಲಗಡೆ ಬಿಗಿದುಕೊಂಡಿತ್ತು. ದೇವರಾಜು ಚೊಂಬು ಹಿಡಿದು ಕೂತರು. ಸ್ಟೇರಿಂಗ್ ತಿರುಗಿಸಿದ ಹಾಗೆ ಮೊಲೆ ತಿರುಗಿಸಿದರು. ಗಿಡ್ಡಿ ಎದೆಗೇ ಒದ್ದಿತು. “ಇದು ನನ್ ಕೈಲಾಗಲ್ಲ ಕಣೇ. ಗೋಡೆಯಾಚೆ ಕೇಳು” ಎಂದರು. ಬೇರೆ ಯಾರ ಮನೆಯಲ್ಲೂ ಆಡು ಕರೆಯುವವರಿಲ್ಲ. ಎಲ್ಲರೂ ಮಾಂಸಕ್ಕೇ ಸಾಕುವವರು.

ಹೋದೆ. ಭದ್ರಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ಮೊರ ನಿಲ್ಲಿಸಲಿಲ್ಲ. ಎಲ್ಲ ಹೇಳಿದೆ. ಬೆರಳಿನ ಕಟ್ಟು ತೋರಿಸಿದೆ. ಕೊನೆಗೆ ಮೊರ ಕೆಳಗಿಟ್ಟಳು.

“ಆವತ್ತು ಮರಿ ಅರಚ್ತಿದ್ವು ಅಂತ ಬಗ್ಗಿ ನೋಡ್ದೆ. ಆ ಮೂಕಜೀವ ಸಗಣಿ ಮೆತ್ಕಂಡು ನರಳ್ತಿತ್ತು. ಬಿಸ್ನೀರಲ್ಲಿ ತೊಳ್ದು ಅರಿಶಿನ ಹಚ್ದೆ. ಹಿಂಡುದ್ರೆ ಮೊಸ್ರು ಬಂತು. ಅದನ್ನ ಹೇಳಾಣ ಅಂತ ನಿನ್ ಬಾಗ್ಲಿಗೆ ಬಂದ್ರೆ ಮಣ್ಣು ತೂರ್ದೆ.”

“ಬ್ಯಾರನ್ನಲ್ಲಿ ಇದನ್ನ ಹೇಳ್ಬೋದಿತ್ತಲ್ಲ?”

“ಕೈ ಹಿಡ್ದು ಎತ್ತಿ ತೋರ್ಸಿದ ಮ್ಯಾಲೆ ಹೇಳೋಕೆ ಏನಿತ್ತು?”

‘ತಪ್ಪಾಯ್ತು’ ಎಂಬ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು.

“ಬತ್ತೀನಿ. ಆಡು ಏನ್ ಪಾಪ ಮಾಡ್ತು?” ಎಂದಳು. “ಆದ್ರೆ ದಿನಾ ಮುಟ್ಟೋ ಮುಂಚೆ ನೀನು ನನ್ ಕೈ ನೋಡ್ಬೇಕು. ಒಳ್ಗಲ್ಲ, ಬೀದೀಲಿ ನಿಂತ್ಕಂಡು.”

ಆಗಸ್ಟ್ 22, ಗುರುವಾರ

ದಿನಕ್ಕೆ ಮೂರು ಸಲ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ, ಸಂಜೆ ಹಾಲಿನ ಡೇರಿಗೆ ಜನ ಹೋಗುವ ಹೊತ್ತಿಗೆ ಸರಿಯಾಗಿ. ಭದ್ರಮ್ಮ ನಡುಬೀದಿಯಲ್ಲಿ ನಿಂತು, ಎರಡೂ ಕೈ ಮೇಲೆತ್ತಿ, “ವಾಣೀ, ಬಾರೇ! ಕಳ್ಳಿ ಕೈ ನೋಡ್ಬಾರೇ!” ಎಂದು ಕೂಗುತ್ತಾಳೆ. ಕ್ಯಾನು ಹಿಡಿದವರೆಲ್ಲ ನಿಂತು ನೋಡುತ್ತಾರೆ. ನಾನು ಹೋಗಿ ಅಂಗೈ, ಹಿಂಗೈ, ಉಗುರು ನೋಡಿ “ಸರಿಯಾಗೇ ಅದೆ” ಅನ್ನಬೇಕು. ಆಮೇಲೆ ಒಳಗೆ ಬಂದು ಸೋಪು ಹಾಕಿ ತೊಳೆದುಕೊಂಡು ಕರೆಯುತ್ತಾಳೆ.

ಸೇಡು ಎಂದರೆ ಇದು. ನಾನು ಮಾಡಿದ್ದು ಮಕ್ಕಳಾಟ.

ಆಗಸ್ಟ್ 25, ಭಾನುವಾರ

ಇವತ್ತು ಕೈ ತೊಳೆಯಲು ನೀರು ಕುದಿಕುದಿ ಕೊಟ್ಟು ಮುದುಕಿಗೆ ಬುದ್ಧಿ ಕಲಿಸೋಣ ಎಂದು ಹಂಡೆಗೆ ಸೌದೆ ಒಟ್ಟಿದೆ. ಚೆನ್ನಾಗಿ ಕಾದಿತ್ತು. ಆಮೇಲೆ ಗಿಡ್ಡಿಯ ಕೆಚ್ಚಲಿಗೂ ಅದೇ ನೀರಲ್ಲವೇ ಎನಿಸಿತು. ಎಡಗೈ ಅದ್ದಿ, ತಣ್ಣೀರು ಬೆರೆಸಿ ಹದ ಮಾಡಿ ಕೊಟ್ಟೆ. ಹೊಸ ಸೋಪಿನ ಕಾಗದವನ್ನೂ ಬಿಚ್ಚಿಟ್ಟೆ.

ಸೆಪ್ಟೆಂಬರ್ 1, ಭಾನುವಾರ

ಎಡಗೆಚ್ಚಲು ಕಳಚಿಕೊಳ್ಳುತ್ತಿದೆ. ನಾತಕ್ಕೆ ದೇವರಾಜು ಊಟದ ತಟ್ಟೆ ಹಿಡಿದು ಬೀದಿಗೆ ಹೋಗುತ್ತಾರೆ. ನಾನು ಔಷಧಿ ನೀರಿನ ಬೋಗುಣಿ ಹಿಡಿದು ನಿಂತು ಎರಡು ಸಲ ವಾಂತಿ ಮಾಡಿಕೊಂಡೆ. ಭದ್ರಕ್ಕ ಮೂಗಿಗೆ ಸೆರಗನ್ನೂ ಕಟ್ಟದೆ ಹತ್ತಿಯಲ್ಲಿ ಒರೆಸಿ, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದರು. ಅಷ್ಟೂ ಹೊತ್ತು ಗಿಡ್ಡಿ ಅವರ ಭುಜದ ಮೇಲೆ ಗದ್ದ ಇಟ್ಟುಕೊಂಡು ನಿಂತಿತ್ತು. ನನ್ನ ಆಡು. ಮೈಯೆಲ್ಲ ಉರಿಯಿತು.

ಮುಗಿಸಿ ಹೋಗುವಾಗ ಟೀ ಕುಡಿದು ಹೋಗಿ ಎಂದೆ. “ಕಳ್ಳಿಗೆ ಟೀ ಕೊಟ್ರೆ ಲೋಟ ಹೋಯ್ತದೆ” ಎಂದು ನಡೆದೇಬಿಟ್ಟರು. ಕಾಸಿಟ್ಟ ಟೀ ಹಾಗೇ ಆರಿತು.

ಸೆಪ್ಟೆಂಬರ್ 9, ಸೋಮವಾರ

ನಿನ್ನೆ ಗಿಡ್ಡಿ ಹುರುಳಿ ಸೊಪ್ಪು ತಿಂದಿತು. ಹೆಬ್ಬೆರಳಿನ ಉಗುರು ಪೂರಾ ಬಿದ್ದುಹೋಗಿದೆ, ಆದರೆ ಗಾಯ ಒಣಗಿದೆ. ಇವತ್ತು ಬ್ಯಾರನ್ನಿಗೆ ಹೋದೆ.

ಪಕ್ಕದ ಕಡ್ಡಿ ಖಾಲಿ. ಪುಟ್ಟಸಿದ್ದಮ್ಮ ಅಲ್ಲಿಗೆ ಸರಿದು ಬಂದು, “ದಿನಾ ಮೂರೊತ್ತು ಆ ಕಳ್ಳೀನ ಮನೆ ಒಳಕ್ಕೆ ಬುಟ್ಕತೀಯಂತಲ್ಲೇ, ಪಾತ್ರೆಗೀತ್ರೆ ಜ್ವಾಪಾನ ಕಣಮ್ಮಿ” ಎಂದು ಕಿಸಕ್ಕನೆ ನಕ್ಕಳು.

ನನಗೆ ಎಲ್ಲಿತ್ತೋ ಸಿಟ್ಟು. ಅವಳ ಕಡ್ಡಿ ಕಿತ್ತು ಆಚೆಗೆಸೆದೆ. “ಯಾವಳೇ ಅದು ಕಳ್ಳಿ ಅನ್ನೋಳು?”

“ಅಯ್ಯೋ ಶಿವನೇ, ನೀನೇ ತಾನೇ ಅಂದಿದ್ದು!”

“ನಾನ್ ಅಂದ್ರೆ ನೀನು ಅಂದ್ಬುಡೋದಾ?”

ಚಪ್ಪರದಡಿ ಎಲ್ಲರೂ ನಗಲು ಶುರು ಮಾಡಿದರು. ನಗುವ ಮಾತೇ, ಈಗ ಬರೆಯುವಾಗ ನನಗೂ ತಿಳಿಯುತ್ತದೆ. ಅಷ್ಟರಲ್ಲಿ ನಂಜಣ್ಣ ಬಂದ. ಭದ್ರಕ್ಕನನ್ನು ಕರೆಸದೆ ನಾನೂ ಕಡ್ಡಿ ಮುಟ್ಟುವುದಿಲ್ಲ ಎಂದೆ. “ಕಳ್ಳಿ ಅಂತ ಓಡ್ಸಿದೋಳೂ ನೀನೇ, ಕರಿ ಅನ್ನೋಳೂ ನೀನೇ. ಅವಳ ಮ್ಯಾಲೆ ಹೊರ್ಸಿದ್ದನ್ನ ಮೊದ್ಲು ನೀನು ಇಳ್ಸು. ಆಮ್ಯಾಲೆ ನೋಡಾಣ” ಎಂದ. ಸೆರಗು ಕೊಡವಿಕೊಂಡು ಮನೆಗೆ ಬಂದೆ. ದಿನದ ಕೂಲಿಯೂ ಹೋಯಿತು, ಪುಟ್ಟಸಿದ್ದಮ್ಮನ ಮೇಲೆ ಹಲ್ಲು ಮಸೆಯುವ ಹೊಸ ಕೆಲಸವೂ ಬಂತು.

ಸೆಪ್ಟೆಂಬರ್ 14, ಶನಿವಾರ

ಡಾಕ್ಟರಮ್ಮ ನಿನ್ನೆ ಕೆಚ್ಚಲೂ ನೋಡಿದರು, ಬೆರಳೂ ನೋಡಿದರು. ಇನ್ನು ನಾನೇ ಹಾಲು ಕರೆಯಬಹುದಂತೆ, ಕೈ ತೊಳೆದು, ಹೆಬ್ಬೆರಳು ಮಡಚದೆ, ಬೆರಳು ಹಾಲಿಗೆ ಅದ್ದದೆ. ಔಷಧಿಯ ಗಡುವು ಮುಗಿದಿದೆ, ಹಾಲೂ ಕುಡಿಯಬಹುದು.

ಈ ಸುದ್ದಿ ಗೋಡೆಯಾಚೆ ಹೇಗೆ ಹೋಯಿತೋ, ಇವತ್ತು ಬೆಳಿಗ್ಗೆ ಭದ್ರಕ್ಕ ಕೂಗಲಿಲ್ಲ. ಆರು ಗಂಟೆಯಿಂದ ಬಾಗಿಲಲ್ಲೇ ನಿಂತಿದ್ದೆ. ಆರೂವರೆಯಾಯಿತು. ಕ್ಯಾನು ಹಿಡಿದವರು ನನ್ನ ಕಡೆ ನೋಡುತ್ತಾ ಹೋದರು. ಒಲೆಯ ಮೇಲೆ ಅವರಿಗೆಂದು ಕಾಯಿಸಿದ ನೀರು ಆವಿಯಾಡುತ್ತಿತ್ತು.

ಆ ನೀರಿನಲ್ಲಿ ನಾನೇ ಕೈ ತೊಳೆದೆ. ಬ್ಯಾರನ್ನಿಗೆ ಹೊರಟಿದ್ದ ಹೆಂಗಸರ ಗುಂಪು ಬರುವವರೆಗೂ ಕಾದೆ, ಪುಟ್ಟಸಿದ್ದಮ್ಮನೂ ಇದ್ದಳು. ಆಮೇಲೆ ಭದ್ರಕ್ಕನ ಮನೆ ಮುಂದೆ ನಡುಬೀದಿಯಲ್ಲಿ ನಿಂತು ಎರಡೂ ಕೈ ಮೇಲೆತ್ತಿದೆ.

“ಭದ್ರಕ್ಕಾ! ಬನ್ನಿ! ಕಳ್ಳಿ ಕೈ ನೋಡ್ಬನ್ನಿ!”

ಮುದುಕಿ ಸುಲಭಕ್ಕೆ ಬರುವವರೇ? ಬಚ್ಚಲಲ್ಲಿ ಏನೋ ತೊಳೆದರು, ಕೋಳಿಗೆ ಕಾಳು ಹಾಕಿದರು. ನನ್ನ ತೋಳು ಸೋತು ಹೋಯಿತು, ಇಳಿಸಲಿಲ್ಲ. ಕೊನೆಗೆ ಬಂದು ನನ್ನ ಕೈ ಹಿಡಿದು ಅಂಗೈ ನೋಡಿದರು, ಹಿಂಗೈ ನೋಡಿದರು. ಉಗುರಿಲ್ಲದ ಹೆಬ್ಬೆರಳನ್ನು ಒತ್ತಿ ನೋಡಿದರು.

“ಗಿಡ್ಡಿ ಕೆಚ್ಚಲು ಹಾಳು ಮಾಡಿದ್ದು ಯಾವ ಕೈಯಂತೆ?” ಬೀದಿಗೆಲ್ಲ ಕೇಳಿಸುವ ಹಾಗೆ ಕೇಳಿದರು.

“ಇದೇ ಕೈ.”

“ಹಾಲು ಕದ್ದೋರು ಯಾರಂತೆ?”

“ಯಾರೂ ಕದ್ದಿಲ್ಲ. ನಾನೇ ಸುಳ್ಳು ಹೊರ್ಸಿದ್ದು. ತಪ್ಪಾಯ್ತು ಭದ್ರಕ್ಕ.”

ಹೋದ ವರ್ಷ ಅದೇ ಕಂಬದ ಹತ್ತಿರ ಅಂದ ಮಾತೇ. ಇವತ್ತು ಗಂಟಲಿಗೆ ಚುಚ್ಚಲಿಲ್ಲ. ಹೆಂಗಸರು ಯಾರೂ ನಗಲಿಲ್ಲ. ಭದ್ರಕ್ಕ ನನ್ನ ಕೈ ಬಿಟ್ಟು, ಜಗಲಿಯ ಮೊಳೆಗೆ ನೇತುಹಾಕಿದ್ದ ಸೊಪ್ಪು ಕಟ್ಟುವ ದಾರದ ಉಂಡೆ ತೆಗೆದು ಮಡಿಲಿಗೆ ಹಾಕಿಕೊಂಡರು. “ಇನ್ಯಾಕೆ ನಿಂತಿದ್ದೀರಿ, ನಡೀರಿ ಕೆಲ್ಸಕ್ಕೆ” ಎಂದು ಆ ಹೆಂಗಸರನ್ನು ಹೊರಡಿಸಿಕೊಂಡು ಮುಂದೆ ಮುಂದೆ ಹೋದರು.

ನಾನು ಬಂದು ಕರೆಯಲು ಕೂತೆ. ಇಷ್ಟು ದಿನದ ಮೇಲೆ ಕೂತದ್ದಕ್ಕೋ ಏನೋ, ಕೈ ತನ್ನಷ್ಟಕ್ಕೆ ತಾನೇ ಮೊದಲು ಎಡಗಡೆಗೆ ಹೋಯಿತು. ಅಲ್ಲಿ ಏನೂ ಇಲ್ಲ. ಒಣಗಿದ ಚರ್ಮ ಮಾತ್ರ ಕೈಗೆ ಸಿಕ್ಕಿತು. ಗಿಡ್ಡಿ ಒದೆಯಲಿಲ್ಲ. ಕುತ್ತಿಗೆ ತಿರುಗಿಸಿ ನೋಡಿತು, ಮತ್ತೆ ಮೇವಿಗೆ ಬಾಯಿ ಹಾಕಿತು. ಆಗ ಅತ್ತುಬಿಟ್ಟೆ, ಯಾರೂ ಇರಲಿಲ್ಲವಲ್ಲ.

ಬಲಗಡೆ ಅರ್ಧ ಚೊಂಬು ಬಂತು. ಟೀ ಮಾಡಿ, ಫ್ಲಾಸ್ಕಿಗೆ ಬಗ್ಗಿಸಿಕೊಂಡು ಬ್ಯಾರನ್ನಿಗೆ ಹೋದೆ. ಭದ್ರಕ್ಕ ಅವರ ಜಾಗದಲ್ಲೇ ಕೂತಿದ್ದರು. ಮೊದಲ ಲೋಟ ಅವರ ಮುಂದಿಟ್ಟೆ. ಲೋಟ ಎತ್ತಿ ಮೂಸಿದರು.

“ಇದು ಗಿಡ್ಡೀದಾ? ಕೇಳಿ ತಂದ್ಯೋ, ಕದ್ದು ತಂದ್ಯೋ?”

ಎಲ್ಲರೂ ನಕ್ಕರು. ಈ ಹೆಂಗಸು ಬದುಕಿರುವವರೆಗೂ ಇದನ್ನು ಬಿಡುವುದಿಲ್ಲ. ಇರಲಿ, ಅವರ ಮೂರು ಆಡುಗಳಲ್ಲಿ ಒಂದು ಇನ್ನೇನು ಈಯುವುದರಲ್ಲಿದೆ. ಮೊದಲ ದಿನ ಕರೆಯಲು ಕೂರುವ ಮುಂಚೆ ನಾನೂ ಗೋಡೆಯಾಚೆ ನಿಂತು ಅವರ ಕೈ ನೋಡದೆ ಬಿಡುವುದಿಲ್ಲ. ಸೋಪು ಇನ್ನೊಂದು ತರಬೇಕು.